ಹದಿನೇಳು ಸೆಕೆಂಡಿಗೊಂದು ಢಿಕ್ಕಿ

18 ಲಕ್ಷ! ಅಮೆರಿಕದಲ್ಲಿ ತಮ್ಮ ವಾಹನ ಪ್ರಾಣಿಗೆ ಗುದ್ದಿತೆಂದು ವಿಮಾ ಕಂಪನಿಗಳ ಬಾಗಿಲು ತಟ್ಟುವವರ ಒಂದು ವರ್ಷದ ಲೆಕ್ಕ ಇದು. ಸ್ಟೇಟ್ ಫಾರ್ಮ್ ಎಂಬ ಅಲ್ಲಿನ ದೊಡ್ಡ ವಿಮಾ ಕಂಪನಿ ವರ್ಷವರ್ಷವೂ ಈ ಅಂದಾಜು ಪ್ರಕಟಿಸುತ್ತದೆ. 2023ರ ಜುಲೈನಿಂದ 2024ರ ಜೂನ್‌ವರೆಗಿನ ಹನ್ನೆರಡು ತಿಂಗಳಿಗೆ ಅದು ಕೊಟ್ಟ ಅಂಕಿ 18 ಲಕ್ಷಕ್ಕೂ ಮೇಲೆ. ಅದರಲ್ಲಿ ಸಿಂಹಪಾಲು ಜಿಂಕೆಯದು. ದಿನಕ್ಕೆ ಭಾಗಿಸಿದರೆ ಸುಮಾರು 4,900. ನಿಮಿಷಕ್ಕೆ ಭಾಗಿಸಿದರೆ ಮೂರೂವರೆಗೆ ಹತ್ತಿರ. ಅಂದರೆ ಹದಿನೇಳು ಸೆಕೆಂಡಿಗೊಂದು ಢಿಕ್ಕಿ, ಹಗಲೂ ರಾತ್ರಿ, ಹಬ್ಬ ಹುಣ್ಣಿಮೆ ಎನ್ನದೆ! ನಾವಿಲ್ಲಿ ಹತ್ತು ನಿಮಿಷ ಕೂತು ಕಾಫಿ ಕುಡಿದು ಏಳುವಷ್ಟರಲ್ಲಿ ಅಲ್ಲಿ 34 ಕಾರುಗಳ ಮೂತಿ ಜಜ್ಜಿಹೋಗಿರುತ್ತದೆ.

ಆ ಕಾರುಗಳನ್ನೆಲ್ಲ ಒಂದರ ಹಿಂದೊಂದು ನಿಲ್ಲಿಸಿ ನೋಡೋಣ. ಒಂದಕ್ಕೆ ನಾಲ್ಕೂವರೆ ಮೀಟರ್ ಎಂದು ಹಿಡಿದರೆ ಸಾಲಿನ ಉದ್ದ 8,100 ಕಿಲೋಮೀಟರ್. ಬೀದರ್‌ನಿಂದ ಚಾಮರಾಜನಗರಕ್ಕೆ ರಸ್ತೆಯಲ್ಲಿ ಸುಮಾರು 850 ಕಿ.ಮೀ. ಆಗುತ್ತದೆ. ರಾಜ್ಯದ ಆ ತುದಿಯಿಂದ ಈ ತುದಿಯವರೆಗೆ ಒಂಬತ್ತು ಸಾಲು ನಿಲ್ಲಿಸಿದರೂ ಇನ್ನೂ ಒಂದು ಲಕ್ಷ ಕಾರು ಮಿಗುತ್ತವೆ. ಮುಂದಿನ ವರ್ಷ ಮತ್ತೆ ಅಷ್ಟೇ ಉದ್ದದ ಸಾಲು.

ಇಷ್ಟೊಂದು ಢಿಕ್ಕಿ ಆಗಬೇಕಾದರೆ ಅಲ್ಲಿನವರು ಕಣ್ಣುಮುಚ್ಚಿ ಓಡಿಸುತ್ತಾರೆಯೇ ಅಂದರೆ, ಇಲ್ಲ. ಅಮೆರಿಕದ ವಾಹನಗಳೆಲ್ಲ ಸೇರಿ ಒಂದು ವರ್ಷದಲ್ಲಿ ಓಡುವ ದೂರ 5 ಲಕ್ಷ ಕೋಟಿ ಕಿಲೋಮೀಟರಿಗೂ ಹೆಚ್ಚು. ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ವೇಗದಲ್ಲಿ ಇಡೀ ವರ್ಷ ಓಡಿ ಕ್ರಮಿಸುವುದು ಸುಮಾರು ಒಂಬತ್ತೂವರೆ ಲಕ್ಷ ಕೋಟಿ ಕಿಲೋಮೀಟರ್. ಅದರ ಅರ್ಧಕ್ಕಿಂತ ಜಾಸ್ತಿ ದೂರವನ್ನು ಒಂದು ದೇಶದ ಕಾರು, ಲಾರಿ, ಬಸ್ಸುಗಳು ಕಚೇರಿಗೆ, ಅಂಗಡಿಗೆ, ನೆಂಟರ ಮನೆಗೆ ಹೋಗಿಬಂದು ಮುಗಿಸುತ್ತವೆ! ಆ ದೂರವನ್ನು 18 ಲಕ್ಷದಿಂದ ಭಾಗಿಸಿದರೆ ಒಂದು ಢಿಕ್ಕಿಗೆ ಸುಮಾರು 29 ಲಕ್ಷ ಕಿಲೋಮೀಟರ್ ಬರುತ್ತದೆ. ಭೂಮಿಯನ್ನು 72 ಸುತ್ತು ಸುತ್ತಿದರೆ ಎಲ್ಲೋ ಒಂದು ಕಡೆ ಒಂದೇ ಒಂದು ಪ್ರಾಣಿ ಅಡ್ಡ ಬರುತ್ತದೆ. ಹೀಗೆ ನೋಡಿದರೆ ಇದು ಅಪರೂಪದಲ್ಲಿ ಅಪರೂಪದ ಘಟನೆ. ಆದರೂ ಹದಿನೇಳು ಸೆಕೆಂಡಿಗೊಂದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ: ಅಪರೂಪವನ್ನು ಸಾಕಷ್ಟು ದೊಡ್ಡ ಸಂಖ್ಯೆಯಿಂದ ಗುಣಿಸಿದರೆ ಅದು ದಿನನಿತ್ಯದ ಮಾತಾಗಿಬಿಡುತ್ತದೆ.

ವಿಮಾ ಕಂಪನಿಯ ಅದೇ ಲೆಕ್ಕದಲ್ಲಿ ದೇಶದ ಸರಾಸರಿ ತೆಗೆದರೆ ವರ್ಷಕ್ಕೆ 128 ಚಾಲಕರಲ್ಲಿ ಒಬ್ಬರ ಪಾಲಿಗೆ ಈ ಢಿಕ್ಕಿ. ಬೆಟ್ಟಗುಡ್ಡಗಳ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಸುಮಾರು 40 ಜನರಲ್ಲಿ ಒಬ್ಬರಿಗೆ. ಈ ಪಟ್ಟಿಯ ಮೊದಲ ಸ್ಥಾನವನ್ನು ಆ ರಾಜ್ಯ ಹದಿನೈದಕ್ಕೂ ಹೆಚ್ಚು ವರ್ಷಗಳಿಂದ ಯಾರಿಗೂ ಬಿಟ್ಟುಕೊಟ್ಟಿಲ್ಲ. ಅಲ್ಲಿ ಹದಿನೆಂಟಕ್ಕೆ ಲೈಸೆನ್ಸ್ ಪಡೆದು ಐವತ್ತು ವರ್ಷ ಗಾಡಿ ಓಡಿಸಿದವನು ಒಮ್ಮೆಯಾದರೂ ಪ್ರಾಣಿಗೆ ಗುದ್ದುವ ಸಂಭವ ಲೆಕ್ಕ ಹಾಕಿದರೆ ನೂರಕ್ಕೆ 72! ಗುದ್ದದೆ ಉಳಿದವನೇ ಅಲ್ಲಿ ಅಲ್ಪಸಂಖ್ಯಾತ. ನ್ಯೂಜೆರ್ಸಿಯಲ್ಲೋ ಪೆನ್ಸಿಲ್ವೇನಿಯದಲ್ಲೋ ಮಿಷಿಗನ್‌ನಲ್ಲೋ ನೆಲೆಸಿರುವ ಕನ್ನಡಿಗರನ್ನು ಕೇಳಿ ನೋಡಿ. ಹಿತ್ತಲಿನ ಹೂಗಿಡ ಮೇಯಲು ಬಂದ ಜಿಂಕೆಯ ಕಥೆ ಪ್ರತಿ ಮನೆಯಲ್ಲೂ ಇರುತ್ತದೆ. ನವೆಂಬರ್ ಬಂತೆಂದರೆ ಸಂಜೆ ಹೊತ್ತು ಕಾರು ತೆಗೆಯುವಾಗ ಮನೆಯವರು ಹುಷಾರು ಹೇಳಿ ಕಳಿಸುತ್ತಾರೆ. ಬೆದೆಯ ಕಾಲವಾದ ಆ ತಿಂಗಳೇ ಢಿಕ್ಕಿಗಳ ಸುಗ್ಗಿ.

ಜಿಂಕೆಗಳಾದರೂ ಎಷ್ಟಿವೆ? ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬೇಟೆಗೆ ಸಿಕ್ಕಿ ಬಿಳಿಬಾಲದ ಜಿಂಕೆ ಮೂರರಿಂದ ಐದು ಲಕ್ಷಕ್ಕೆ ಇಳಿದಿತ್ತು ಎಂದು ಅಂದಾಜು. ಈಗ ಸುಮಾರು 3 ಕೋಟಿ. ಹೆಚ್ಚುಕಡಿಮೆ ಕರ್ನಾಟಕದ ಪ್ರತಿ ಇಬ್ಬರಿಗೆ ಒಂದೊಂದು ಜಿಂಕೆ ಹಂಚಬಹುದು. ಆ ನೂರು ವರ್ಷದಲ್ಲಿ ಕಡಿಮೆಯೆಂದರೂ ಅರವತ್ತು ಪಟ್ಟು ಬೆಳೆದ ಜಿಂಕೆ, ಅದೇ ನೂರು ವರ್ಷದಲ್ಲಿ ಬೆಳೆದ ರಸ್ತೆ. ಎರಡೂ ಎದುರುಬದುರಾಗದೆ ಇನ್ನೇನು!

ವಿಮೆ ಕೇಳಿದವರ ಲೆಕ್ಕ ಬಿಟ್ಟು ಜಿಂಕೆಯ ಲೆಕ್ಕಕ್ಕೆ ಬಂದರೆ ಸಂಖ್ಯೆ ಇನ್ನೂ ಮೇಲೇರುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಧಾರವಾಗಿ ಹಿಡಿದದ್ದು ವರ್ಷಕ್ಕೆ 21 ಲಕ್ಷ ಜಿಂಕೆ ಅಪಘಾತ. ಅವುಗಳಲ್ಲಿ ಸಾಯುವ ಮನುಷ್ಯರು ಸುಮಾರು 440, ಗಾಯಗೊಳ್ಳುವವರು 59,000. ಒಂದೊಂದು ಜಿಂಕೆಗೆ 60 ಕಿಲೋ ಎಂದಿಟ್ಟುಕೊಂಡರೆ 21 ಲಕ್ಷ ಜಿಂಕೆಯ ತೂಕ 1,26,000 ಟನ್. ಮೈಸೂರು ದಸರೆಯ ಚಿನ್ನದ ಅಂಬಾರಿ 750 ಕಿಲೋ ತೂಗುತ್ತದೆ. ಆ ಜಿಂಕೆಗಳ ಭಾರ ಹೊರಿಸಲು 1,68,000 ಅಂಬಾರಿ ಆನೆಗಳು ಬೇಕು. 2023ರ ಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ ಸಿಕ್ಕ ಕಾಡಾನೆಗಳು 6,395. ಗಂಡು, ಹೆಣ್ಣು, ಮರಿ ಎಲ್ಲ ಸೇರಿಸಿ ಒಂದೊಂದಕ್ಕೂ ಅಂಬಾರಿ ಕಟ್ಟಿದರೂ ಪ್ರತಿ ಆನೆ 26 ಸಲಕ್ಕೂ ಹೆಚ್ಚು ಬಂದು ಹೋಗಬೇಕು!

ಇನ್ನು ಆ ಒಂದು ಕ್ಷಣ. ಗಂಟೆಗೆ 80 ಕಿ.ಮೀ. ವೇಗ ನಮಗೆ ದೊಡ್ಡದಾಗಿ ಕಾಣುವುದಿಲ್ಲ. ಆದರೆ ಆ ವೇಗದ ಕಾರು ಸೆಕೆಂಡಿಗೆ 22 ಮೀಟರ್ ನುಂಗುತ್ತದೆ, ಒಂದು ಕ್ರಿಕೆಟ್ ಪಿಚ್ಚಿಗಿಂತ ಜಾಸ್ತಿ. ರಾತ್ರಿ, ಡಿಮ್ ಲೈಟಿನ ಅಂಚಿನಲ್ಲಿ, 50 ಮೀಟರ್ ಮುಂದೆ ಒಂದು ಜೊತೆ ಕಣ್ಣು ಹಸಿರಾಗಿ ಹೊಳೆಯುತ್ತದೆ. ಅದು ಜಿಂಕೆ ಎಂದು ಮನಸ್ಸಿಗೆ ಹೊಳೆದು, ಕಾಲು ಆಕ್ಸಿಲರೇಟರ್ ಬಿಟ್ಟು ಬ್ರೇಕಿಗೆ ಬರುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆಯಿತು ಎನ್ನಿ. ಕಾರು ಅಷ್ಟರಲ್ಲಿ 33 ಮೀಟರ್ ಮುಂದೆ ಬಂದಿದೆ. ಉಳಿದದ್ದು 17 ಮೀಟರ್. ಒಣರಸ್ತೆ, ಒಳ್ಳೆಯ ಟೈರು, ಪೂರ್ತಿ ಬ್ರೇಕು ಇದ್ದರೂ ಆ 17 ಮೀಟರ್ ಮುಗಿದಾಗ ಮುಳ್ಳು 58ರಲ್ಲಿರುತ್ತದೆ. ಒಂದೇ ಒಂದು ತಪ್ಪೂ ಮಾಡದ ಚಾಲಕ 58ರ ವೇಗದಲ್ಲಿ ಜಿಂಕೆಗೆ ಗುದ್ದುತ್ತಾನೆ!

ಇದು ಜಿಂಕೆಯ ಮಾತಾಯಿತು. ಸ್ವೀಡನ್ನಿನಲ್ಲಿ ಅಡ್ಡ ಬರುವುದು ಮೂಸ್. ಅದೂ ಜಿಂಕೆಯ ಕುಲವೇ, ಆದರೆ ಬೆಳೆದ ಗಂಡು 500 ಕಿಲೋ ಮುಟ್ಟುತ್ತದೆ, ಭುಜದ ಎತ್ತರ ಎರಡು ಮೀಟರ್ ಸಮೀಪ. ಕಾರಿನ ಬಾನೆಟ್ ಅದರ ಕಾಲುಗಳನ್ನು ಮಾತ್ರ ಮುಟ್ಟುತ್ತದೆ. ಅರ್ಧ ಟನ್ನಿನ ಮೈ ನೇರ ಗಾಜಿನ ಮೇಲೆ, ಚಾಲಕನ ಮುಖದ ಎದುರಿಗೆ ಬಂದು ಬೀಳುತ್ತದೆ. ಒಂದು ಕೋಟಿ ಚಿಲ್ಲರೆ ಜನ ಇರುವ, ಅಂದರೆ ನಮ್ಮ ಬೆಂಗಳೂರಿಗಿಂತ ಚಿಕ್ಕ ಜನಸಂಖ್ಯೆಯ ಆ ದೇಶದಲ್ಲಿ ವರ್ಷಕ್ಕೆ 60,000ಕ್ಕೂ ಹೆಚ್ಚು ವನ್ಯಜೀವಿ ಅಪಘಾತ. ಮೂಸ್ ಅಡ್ಡ ಬಂದಾಗ ಕಾರು ತಟ್ಟನೆ ಪಕ್ಕಕ್ಕೆ ತಿರುಗಿ ನೆಟ್ಟಗೆ ನಿಲ್ಲುತ್ತದೆಯೇ ಎಂದು ನೋಡುವ ಪರೀಕ್ಷೆಯೇ ಅಲ್ಲಿದೆ. 1997ರಲ್ಲಿ ಸ್ವೀಡನ್ನಿನ ವಾಹನ ಪತ್ರಿಕೆಯೊಂದು ಮರ್ಸಿಡಿಸ್ ಎ-ಕ್ಲಾಸ್ ಹೊಸ ಕಾರನ್ನು ಹಾಗೆ ತಿರುಗಿಸಿದಾಗ ಅದು ಪಲ್ಟಿಯಾಯಿತು. ಆ ಒಂದು ಪಲ್ಟಿಯ ನಂತರ ಕಂಪನಿ ಮಾರಿದ ಕಾರುಗಳನ್ನು ವಾಪಸು ಕರೆಸಿ ಸರಿಪಡಿಸಿತು, ಅಲ್ಲಿಂದಾಚೆಗೆ ಪ್ರತಿ ಎ-ಕ್ಲಾಸ್‌ನಲ್ಲೂ ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂತು. ಎದುರಿಗೆ ಇಲ್ಲದ ಒಂದು ಪ್ರಾಣಿ ಜಗತ್ತಿನ ಹೆಸರಾಂತ ಕಾರು ಕಂಪನಿಯ ದಿಕ್ಕು ತಿರುಗಿಸಿತು!

ಜರ್ಮನಿಯಲ್ಲಿ ವಿಮೆಗೆ ಬರುವ ವನ್ಯಜೀವಿ ಅಪಘಾತಗಳು ವರ್ಷಕ್ಕೆ ಸುಮಾರು 2.7 ಲಕ್ಷ. ಎರಡು ನಿಮಿಷಕ್ಕೊಂದು. ವಿಮಾ ಕಂಪನಿಗಳು 2023ರಲ್ಲಿ ತೆತ್ತದ್ದು 100 ಕೋಟಿ ಯೂರೋಗೂ ಮೇಲೆ. ಯೂರೋಗೆ 90 ರೂಪಾಯಿಯಂತೆ ಹಿಡಿದರೂ 9,000 ಕೋಟಿ ರೂಪಾಯಿ. ಆ ದೇಶದ ಹೆದ್ದಾರಿಗಳಲ್ಲಿ ಬಹುಭಾಗಕ್ಕೆ ವೇಗದ ಮಿತಿಯೇ ಇಲ್ಲ. ದುಬಾರಿ ಕಾರುಗಳು 250 ಕಿ.ಮೀ. ಮುಟ್ಟುತ್ತವೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಜೋಗದ 253 ಮೀಟರ್ ನೆತ್ತಿಯಿಂದ ಒಂದು ಕಾರನ್ನು ಕೆಳಕ್ಕೆ ಬಿಟ್ಟಾಗ ಅದು ತಳ ಮುಟ್ಟುವುದೂ ಅಷ್ಟೇ ವೇಗದಲ್ಲಿ. ಆ ವೇಗದ ಎದುರಿಗೆ ಒಂದು ಕಾಡುಹಂದಿ ದಾಟಲು ಹೊರಟರೆ ಏನಾದೀತೆಂದು ಊಹಿಸಲೂ ಭಯವಾಗುತ್ತದೆ.

ಅಪಘಾತದ ಮರುದಿನ ಶುರುವಾಗುವುದೇ ಕಾಗದಪತ್ರದ ಕೆಲಸ. ಜರ್ಮನಿಯ ಅಗ್ಗದ ಪಾಲಿಸಿಗಳಲ್ಲಿ ಬಹುಕಾಲದಿಂದ ಬಂದ ಒಂದು ಷರತ್ತಿದೆ: ಗುದ್ದಿದ ಕಾಡುಪ್ರಾಣಿಗೆ ಮೈಮೇಲೆ ಕೂದಲಿರಬೇಕು. ಜಿಂಕೆ, ನರಿ, ಹಂದಿ ಆದರೆ ಹಣ ಬರುತ್ತದೆ. ಗಾಜು ಒಡೆದದ್ದು ಹಕ್ಕಿಯಾದರೆ ಆ ಷರತ್ತಿಗೆ ಹೊರಗೆ. ಅಮೆರಿಕದಲ್ಲಿ ಇನ್ನೊಂದು ಬಗೆ. ಜಿಂಕೆಗೆ ನೇರ ಗುದ್ದಿದರೆ ಒಂದು ವಿಭಾಗದಲ್ಲಿ ಹಣ. ಜಿಂಕೆಯನ್ನು ಉಳಿಸಲೆಂದು ಸ್ಟೀರಿಂಗ್ ತಿರುಗಿಸಿ ಮರಕ್ಕೆ ಗುದ್ದಿದರೆ ಅದು ಬೇರೆಯೇ ವಿಭಾಗ. ಆ ಎರಡನೆಯ ರಕ್ಷಣೆ ಕೊಂಡಿರದಿದ್ದರೆ ಚಿಕ್ಕಾಸೂ ಇಲ್ಲ. ಹೀಗಾಗಿ ಕಾರು ನೋಡಲು ಬರುವ ಕಂಪನಿಯವರು ಮೊದಲು ಬಗ್ಗಿ ಹುಡುಕುವುದು ಗ್ರಿಲ್ಲಿನ ಸಂದಿಯನ್ನು. ಅಲ್ಲಿ ಸಿಕ್ಕಿಕೊಂಡ ನಾಲ್ಕು ಕಂದು ಕೂದಲು, ಒಡೆದ ಹೆಡ್‌ಲೈಟಿನ ಅಂಚಿನಲ್ಲಿ ಒಣಗಿದ ಒಂದು ತೊಟ್ಟು ರಕ್ತ. ಕ್ಲೇಮು ನಿಲ್ಲುವುದೂ ಬೀಳುವುದೂ ಆ ನಾಲ್ಕು ಕೂದಲಿನ ಮೇಲೆ.

2022ರ ಅದೇ ಅಧ್ಯಯನದ ಪ್ರಕಾರ ಜಿಂಕೆ ಅಪಘಾತಗಳಿಂದ ಅಮೆರಿಕಕ್ಕೆ ಒಂದು ವರ್ಷದಲ್ಲಿ ಆಗುವ ಒಟ್ಟು ನಷ್ಟ ಸಾವಿರ ಕೋಟಿ ಡಾಲರಿಗೂ ಹೆಚ್ಚು. ಡಾಲರಿಗೆ 85 ರೂಪಾಯಿಯಂತೆ 85,000 ಕೋಟಿ ರೂಪಾಯಿ. ಕರ್ನಾಟಕ ಸರ್ಕಾರದ 2025-26ರ ಇಡೀ ಬಜೆಟ್ 4.09 ಲಕ್ಷ ಕೋಟಿ. ಅದರ ಐದನೇ ಒಂದು ಭಾಗ ಜಿಂಕೆ ಗುದ್ದಿದ್ದಕ್ಕೆ! ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿದ ಚಂದ್ರಯಾನ-3ಕ್ಕೆ ತಗುಲಿದ್ದು ಸುಮಾರು 615 ಕೋಟಿ ರೂಪಾಯಿ. ಈ ಹಣದಲ್ಲಿ ಅಂಥ 138 ನೌಕೆಗಳನ್ನು ಚಂದ್ರನಿಗೆ ಕಳಿಸಬಹುದು, ಐದು ದಿನಕ್ಕೆ ಎರಡರಂತೆ ಸುಮಾರು ಒಂದು ವರ್ಷವಿಡೀ.

ಅದೇ ಅಧ್ಯಯನ ಗಡಿಯಾರದ ಬಗ್ಗೆ ಹೇಳಿದ್ದನ್ನು ನಾನು ಎರಡು ಸಲ ಓದಿದೆ. ಅಮೆರಿಕದಲ್ಲಿ ಪ್ರತಿ ನವೆಂಬರ್‌ನಲ್ಲಿ ಬೇಸಿಗೆಗೆಂದು ಮುಂದಿಟ್ಟಿದ್ದ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಸಂಜೆಯ ಸಂಚಾರ ಕತ್ತಲಿಗೆ ಬೀಳುವುದರಿಂದ ಆ ತಿರುಗಿಸಿದ ವಾರದಲ್ಲಿ ಜಿಂಕೆ ಅಪಘಾತ ನೂರಕ್ಕೆ 16ರಷ್ಟು ಏರುತ್ತದೆ. ವರ್ಷವಿಡೀ ಬೇಸಿಗೆಯ ಗಡಿಯಾರವನ್ನೇ ಇಟ್ಟುಕೊಂಡರೆ ವರ್ಷಕ್ಕೆ 36,550 ಜಿಂಕೆಗಳು, 33 ಮನುಷ್ಯರು ಬದುಕುಳಿಯುತ್ತಾರೆ, 2,054 ಜನರ ಗಾಯ ತಪ್ಪುತ್ತದೆ, 119 ಕೋಟಿ ಡಾಲರ್ ಉಳಿಯುತ್ತದೆ. ಒಂದು ಮುಳ್ಳನ್ನು ಮುಟ್ಟದೆ ಬಿಟ್ಟದ್ದಕ್ಕೆ 10,000 ಕೋಟಿ ರೂಪಾಯಿ ಲಾಭ!

ಜಿಂಕೆಯನ್ನು ಬೇಟೆಯಾಡುವ ತೋಳಗಳ ಲೆಕ್ಕ ಇದಕ್ಕೂ ಸೊಗಸು. ವಿಸ್ಕಾನ್ಸಿನ್ ರಾಜ್ಯದಲ್ಲಿ ತೋಳಗಳು ಮರಳಿ ಬಂದ ಜಿಲ್ಲೆಗಳಲ್ಲಿ ಜಿಂಕೆ ಅಪಘಾತ ನೂರಕ್ಕೆ 24ರಷ್ಟು ಇಳಿಯಿತು ಎಂದು 2021ರ ಸಂಶೋಧನೆ ತೋರಿಸಿತು. ತೋಳ ಹಿಡಿದ ದನಕುರಿಗಳಿಂದ ಆಗುವ ನಷ್ಟವನ್ನು ಒಂದು ರೂಪಾಯಿ ಎಂದುಕೊಂಡರೆ, ತಪ್ಪಿದ ಅಪಘಾತಗಳಿಂದ ಉಳಿದದ್ದು 63 ರೂಪಾಯಿ. ಯಾವ ಬ್ಯಾಂಕು ಕೊಡುತ್ತದೆ ಇಂಥ ಬಡ್ಡಿಯನ್ನು?

ನಮ್ಮ ನೆಲಕ್ಕೆ ಬರೋಣ. ಬಂಡೀಪುರದ ಗಂಡು ಕಾಟಿ ಸಾವಿರ ಕಿಲೋ ಸಮೀಪ ತೂಗುತ್ತದೆ. ನಮ್ಮಲ್ಲಿ ಓಡುವ ಚಿಕ್ಕ ಕಾರುಗಳು ಅದಕ್ಕಿಂತ ಹಗುರ! ಕಾಟಿಗೆ ಕಾರು ಗುದ್ದಿತು ಎನ್ನುವುದಕ್ಕಿಂತ ಕಾರಿಗೆ ಕಾಟಿ ಸಿಕ್ಕಿತು ಎನ್ನಬೇಕು. ಅಂಥ ಹೊತ್ತಿನಲ್ಲಿ ಕೈಯಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಇದ್ದರೆ ನಿಮ್ಮ ಕಾರಿನ ರಿಪೇರಿಗೆ ಸಿಗುವ ಮೊತ್ತ ಬರೀ ಸೊನ್ನೆ. ಫುಲ್ ಇನ್ಶೂರೆನ್ಸ್ ಇದ್ದರೆ ಹಣ ಬರುತ್ತದೆ, ಆದರೆ ಸವಕಳಿ ಕಳೆದು ಬರುತ್ತದೆ. ನಾಲ್ಕೂವರೆ ವರ್ಷದ ಕಾರು ಎಂದಿಟ್ಟುಕೊಳ್ಳಿ. ಲೋಹದ ಬಾನೆಟ್ಟಿಗೆ 10,000 ರೂಪಾಯಿ ಬಿಲ್ಲಾದರೆ ನೂರಕ್ಕೆ 35 ಸವಕಳಿ ಹೋಗಿ 6,500. ಪ್ಲಾಸ್ಟಿಕ್ ಬಂಪರಿಗೆ ಅಷ್ಟೇ ಬಿಲ್ಲಾದರೆ ನೇರ ಅರ್ಧ, 5,000. ಮುಂದಿನ ಗಾಜಿಗೆ ಮಾತ್ರ ಸವಕಳಿ ಇಲ್ಲ. ಕೊನೆಗೆ 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ಕಡ್ಡಾಯವಾಗಿ ನಿಮ್ಮ ಜೇಬಿನಿಂದ. ಜೀರೋ ಡೆಪ್ರಿಸಿಯೇಶನ್ ಎಂಬ ಹೆಚ್ಚುವರಿ ರಕ್ಷಣೆ ಕೊಂಡಿದ್ದರೆ ಬಾನೆಟ್ಟು ಬಂಪರುಗಳ ಸವಕಳಿಯ ಕಡಿತ ತಪ್ಪುತ್ತದೆ.

ನಿಜವಾದ ದೊಡ್ಡ ಸಂಖ್ಯೆ ಅಡಗಿರುವುದು ನೋ ಕ್ಲೇಮ್ ಬೋನಸ್ಸಿನಲ್ಲಿ. ಒಂದೂ ಕ್ಲೇಮು ಮಾಡದೆ ವರ್ಷ ಕಳೆದಂತೆ ರಿಯಾಯಿತಿ ನೂರಕ್ಕೆ 20, 25, 35, 45, ಐದನೇ ವರ್ಷಕ್ಕೆ 50. ಐದು ವರ್ಷ ಜೋಪಾನ ಮಾಡಿದ ಆ ಏಣಿ ಒಂದು ಜಿಂಕೆಯಿಂದ, ಒಂದು ಸೆಕೆಂಡಿನಲ್ಲಿ ಸೊನ್ನೆಗೆ ಜಾರುತ್ತದೆ. ಲೆಕ್ಕ ಹಾಕಿ: ಸ್ವಂತ ವಾಹನದ ಹಾನಿಯ ಪ್ರೀಮಿಯಂ 10,000 ರೂಪಾಯಿ, 50ರ ರಿಯಾಯಿತಿಯಲ್ಲಿ ನೀವು ಕಟ್ಟುತ್ತಿದ್ದದ್ದು 5,000. ಕ್ಲೇಮು ಮಾಡಿದ ಮೇಲೆ ಮುಂದಿನ ಐದು ವರ್ಷ ಕಟ್ಟುವುದು 10,000, 8,000, 7,500, 6,500, 5,500. ಪ್ರೀಮಿಯಂ ಹಾಗೆಯೇ ಇದ್ದರೆ ಒಟ್ಟು 37,500. ಕ್ಲೇಮು ಮಾಡದಿದ್ದರೆ 25,000. ವ್ಯತ್ಯಾಸ 12,500 ರೂಪಾಯಿ! ಅಂದರೆ ಇಂಥ ಪಾಲಿಸಿಯಲ್ಲಿ ಕಂಪನಿಯಿಂದ ಕೈಗೆ ಬರುವುದು 12,500ಕ್ಕಿಂತ ಕಡಿಮೆ ಇದ್ದರೆ ಸುಮ್ಮನೆ ಸ್ವಂತ ಖರ್ಚಿನಲ್ಲಿ ಡೆಂಟಿಂಗ್ ಮಾಡಿಸುವುದೇ ಮೇಲು. ಇನ್ನೊಂದು ಮಾತು. ಗುದ್ದಿದ ಮೇಲೆ ರೇಡಿಯೇಟರ್ ಸೋರುತ್ತಿದ್ದರೂ ಹತ್ತಿರದ ಊರಿಗೆ ಮುಟ್ಟೋಣವೆಂದು ಓಡಿಸಿ ಎಂಜಿನ್ ಸುಟ್ಟರೆ, ಆ ಎಂಜಿನ್ನಿನ ಹಣ ಬರುವುದಿಲ್ಲ. ಅದು ಅಪಘಾತದ ಹಾನಿಯಲ್ಲ, ಅಪಘಾತದ ನಂತರ ನೀವು ತಂದುಕೊಂಡ ಹಾನಿ ಎಂಬುದು ಪಾಲಿಸಿಯ ನಿಯಮ. ನೆಲದ ಮೇಲೆ ಬಿದ್ದ ಕೂಲೆಂಟ್ ಹನಿ ಕಂಡ ಕೂಡಲೇ ಎಂಜಿನ್ ಆಫ್ ಮಾಡಿ, ಟೋಯಿಂಗ್ ಕರೆಸಿ.

ಸತ್ತ ಪ್ರಾಣಿಯೂ ನಮ್ಮದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನಂತೆ ಅದು ಸರ್ಕಾರದ ಸ್ವತ್ತು. ಅಂಥದ್ದು ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸರಿಗೋ ಅರಣ್ಯ ಇಲಾಖೆಗೋ ತಿಳಿಸಬೇಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬಂಪರ್ ಮುರಿಯಬಲ್ಲ ಪ್ರಾಣಿಗಳ ಲೆಕ್ಕ. ಬಂಪರ್ ಮುರಿಯದ, ಯಾವ ಕ್ಲೇಮಿನಲ್ಲೂ ಕಾಣಿಸದ ಪ್ರಾಣಿಗಳ ಲೆಕ್ಕ ತೆಗೆದರೆ ಲಕ್ಷಗಳು ಕೋಟಿಗಳಾಗುತ್ತವೆ. ಯುರೋಪಿನ ರಸ್ತೆಗಳಲ್ಲಿ ವರ್ಷಕ್ಕೆ 19.4 ಕೋಟಿ ಹಕ್ಕಿಗಳು, 2.9 ಕೋಟಿ ಸಸ್ತನಿಗಳು ಸಾಯುತ್ತಿರಬಹುದು ಎಂದು 2020ರ ಒಂದು ಅಧ್ಯಯನ ಅಂದಾಜಿಸಿತು. ಹಕ್ಕಿಗಳೇ ಸೆಕೆಂಡಿಗೆ ಆರು! ಕರ್ನಾಟಕದ ಜನಸಂಖ್ಯೆಯ ಮೂರು ಪಟ್ಟು ಹಕ್ಕಿಗಳು, ಪ್ರತಿ ವರ್ಷ. ಬ್ರೆಜಿಲ್ಲಿನ ಸಂಶೋಧಕರು ತಮ್ಮ ದೇಶಕ್ಕೆ ಕೊಟ್ಟ ಅಂಕಿ ವರ್ಷಕ್ಕೆ 47.5 ಕೋಟಿ, ಕಪ್ಪೆ ಹಲ್ಲಿಗಳಂಥ ಸಣ್ಣ ಜೀವಗಳೂ ಸೇರಿ. ಸೆಕೆಂಡಿಗೆ ಹದಿನೈದು. ಈ ಒಂದು ವಾಕ್ಯ ಓದುವಷ್ಟರಲ್ಲಿ ಅರವತ್ತು ಮುಗಿದವು.

ಕೀಟಗಳನ್ನು ಎಣಿಸಿದವರೂ ಇದ್ದಾರೆ. 2011ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಅರ್ನಾಲ್ಡ್ ಫಾನ್ ಫ್ಲೀಟ್ ಎಂಬ ಜೀವವಿಜ್ಞಾನಿ ಚಾಲಕರಿಗೆ ಒಂದು ಕೆಲಸ ಕೊಟ್ಟರು: ನಂಬರ್ ಪ್ಲೇಟ್ ಒರೆಸಿ ಹೊರಡಿ, ಊರು ಮುಟ್ಟಿದ ಮೇಲೆ ಅದರ ಮೇಲೆ ಅಂಟಿದ ಹುಳುಗಳನ್ನು ಎಣಿಸಿ. ಹತ್ತು ಕಿಲೋಮೀಟರಿಗೆ ಎರಡು ಹುಳು ಸಿಕ್ಕವು, ಅಷ್ಟೇ. ಅಂಗೈಯಲ್ಲಿ ಹಿಡಿಯಬಹುದಾದ ಸಂಖ್ಯೆ. ಆದರೆ ಕಾರಿನ ಮುಂಭಾಗ ನಂಬರ್ ಪ್ಲೇಟಿನ ನಲವತ್ತು ಪಟ್ಟು ದೊಡ್ಡದು, ದೇಶದ ಕಾರುಗಳು ವರ್ಷಕ್ಕೆ ಓಡುವುದು 20,000 ಕೋಟಿ ಕಿಲೋಮೀಟರ್. ಗುಣಿಸಿದಾಗ ಬಂದ ಮೊತ್ತ 1.6 ಲಕ್ಷ ಕೋಟಿ ಕೀಟಗಳು! ಒಂದರ ಮುಂದೆ ಹನ್ನೆರಡು ಸೊನ್ನೆ ಹಾಕಿದರೂ ಅದಕ್ಕೆ ಸಾಲದು. ಕರ್ನಾಟಕದ ಐದನೇ ಒಂದು ಭಾಗದಷ್ಟಿರುವ ಒಂದು ಪುಟ್ಟ ದೇಶದ ಒಂದು ವರ್ಷದ ಲೆಕ್ಕ ಇದು. ಭೂಮಿಯ ಮೇಲಿರುವ ಪ್ರತಿ ಮನುಷ್ಯನ ಹೆಸರಿಗೆ 200 ಹುಳು ಬರೆದಿಡಬಹುದು. ಸೆಕೆಂಡಿಗೊಂದರಂತೆ ಊಟ ನಿದ್ದೆ ಬಿಟ್ಟು ಎಣಿಸಲು ಕೂತರೆ ಎಣಿಕೆ ಮುಗಿಯಲು 50,000 ವರ್ಷ ಬೇಕು.

ಇಷ್ಟು ದೊಡ್ಡ ಅಂಕಿಗಳ ಎದುರು ಮನುಷ್ಯ ಏನು ಮಾಡಿಯಾನು ಎನ್ನಿಸಬಹುದು. ಮಾಡಿದವರಿದ್ದಾರೆ. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ಹೆದ್ದಾರಿಗೆ 82 ಕಿ.ಮೀ. ಬೇಲಿ ಹಾಕಿ, ಪ್ರಾಣಿಗಳಿಗೆಂದೇ 6 ಮೇಲ್ಸೇತುವೆ, 38 ಕೆಳದಾರಿ ಕಟ್ಟಿದರು. ಢಿಕ್ಕಿಗಳು ನೂರಕ್ಕೆ 80ಕ್ಕೂ ಹೆಚ್ಚು ಇಳಿದವು, ಜಿಂಕೆ ಮತ್ತು ಅದರ ಕುಲದ ದೊಡ್ಡ ಪ್ರಾಣಿ ಎಲ್ಕ್‌ಗಳದ್ದಂತೂ ನೂರಕ್ಕೆ 96. ಅಲ್ಲಿನ ಪ್ರಾಣಿಗಳು ಆ ದಾರಿಗಳನ್ನು ಎರಡು ಲಕ್ಷಕ್ಕೂ ಹೆಚ್ಚು ಸಲ ದಾಟಿವೆ. ಲಾಸ್ ಏಂಜಲೀಸ್ ಹತ್ತಿರ ದಿನಕ್ಕೆ ಮೂರು ಲಕ್ಷ ವಾಹನ ಓಡುವ ಹತ್ತು ಪಥದ ಹೆದ್ದಾರಿಯ ಮೇಲೆ ಪರ್ವತ ಸಿಂಹಗಳಿಗಾಗಿ ಸೇತುವೆ ಕಟ್ಟುವ ಕೆಲಸ 2022ರಲ್ಲಿ ಶುರುವಾಯಿತು. ಇಂಥ ದಾಟುದಾರಿಗಳಿಗೆಂದು ಅಮೆರಿಕ ಸರ್ಕಾರ 2021ರ ಕಾನೂನಿನಲ್ಲಿ ಐದು ವರ್ಷಕ್ಕೆ ಎತ್ತಿಟ್ಟದ್ದು 35 ಕೋಟಿ ಡಾಲರ್. ದೊಡ್ಡ ಮೊತ್ತವೆನಿಸುತ್ತದೆ. ಆದರೆ ಅಲ್ಲಿ ಜಿಂಕೆ ಢಿಕ್ಕಿಗಳಿಂದ ಹದಿಮೂರು ದಿನದಲ್ಲಿ ಆಗುವ ನಷ್ಟ ಅಷ್ಟೇ ಇದೆ!

ನಮ್ಮ ದೇಶವೂ ಹಿಂದೆ ಬಿದ್ದಿಲ್ಲ ಎನ್ನಲು ನನಗೆ ಹೆಮ್ಮೆ. ಮಹಾರಾಷ್ಟ್ರದ ಪೆಂಚ್ ಹುಲಿ ಅರಣ್ಯದ ಬಳಿ ರಾಷ್ಟ್ರೀಯ ಹೆದ್ದಾರಿ 44ನ್ನು ಕಂಬಗಳ ಮೇಲೆತ್ತಿ ಕೆಳಗೆ ಒಂಬತ್ತು ದಾರಿ ಬಿಟ್ಟಿದ್ದಾರೆ. ಅವುಗಳಲ್ಲಿ ಒಂದು 750 ಮೀಟರ್ ಅಗಲ. 2019ರಲ್ಲಿ ಹತ್ತು ತಿಂಗಳು ಕ್ಯಾಮೆರಾ ಇಟ್ಟಾಗ 18 ಬಗೆಯ ಪ್ರಾಣಿಗಳ 5,450 ಚಿತ್ರಗಳು ಸಿಕ್ಕವು. ಹುಲಿಯೇ 89 ಸಲ ದಾಟಿತ್ತು, ತಲೆಯ ಮೇಲೆ ಲಾರಿಗಳು ಓಡುತ್ತಿರುವಾಗ! ಬಂಡೀಪುರದಲ್ಲಿ ಸೇತುವೆಯಿಲ್ಲ, ಅಲ್ಲಿ ನಾವು ಕಾಡಿಗೆ ಕೊಟ್ಟದ್ದು ಸಮಯ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಎರಡೂ ಹೆದ್ದಾರಿಗಳ ಗೇಟು ಬೀಳುತ್ತದೆ. ಆಂಬುಲೆನ್ಸ್‌ನಂಥ ತುರ್ತು ವಾಹನ, ಬೆರಳೆಣಿಕೆಯ ಬಸ್ಸು ಬಿಟ್ಟರೆ ಬೇರೆ ಸಂಚಾರವಿಲ್ಲ. 2010ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ಒಂದು ರಾತ್ರಿಗೆ 9 ಗಂಟೆ, ವರ್ಷಕ್ಕೆ 3,285 ಗಂಟೆ. ಹದಿನೈದು ವರ್ಷಕ್ಕೆ 49,000 ಗಂಟೆ ದಾಟುತ್ತದೆ, ಅಂದರೆ ಐದೂವರೆ ವರ್ಷಕ್ಕೂ ಹೆಚ್ಚು ಕಾಲ ಆ ದಾರಿ ಆನೆ, ಕಡವೆ, ಕಾಟಿಗಳಿಗೆ ಸೇರಿತ್ತು. ಮೈಸೂರಿನಿಂದ ಮಾನಂದವಾಡಿಗೆ ನಾಗರಹೊಳೆ ಅಂಚಿನಲ್ಲಿ ಹೋಗುವ ರಸ್ತೆಯಲ್ಲಿ ಸಂಜೆ 6ಕ್ಕೇ ಗೇಟು ಬೀಳುತ್ತದೆ, 12 ಗಂಟೆ.

ಗೇಟಿಲ್ಲದ ಕಾಡುರಸ್ತೆಗಳು ನಮ್ಮಲ್ಲಿ ಇನ್ನೂ ಬೇಕಾದಷ್ಟಿವೆ. ಶಿರಾಡಿ, ಚಾರ್ಮಾಡಿ, ಆಗುಂಬೆ, ದಾಂಡೇಲಿಯ ಕಡೆ ಹೊರಡುವ ಮುನ್ನ ಪಾಲಿಸಿ ತೆಗೆದು ಅದು ಥರ್ಡ್ ಪಾರ್ಟಿಯೋ ಫುಲ್ ಇನ್ಶೂರೆನ್ಸೋ ಒಮ್ಮೆ ನೋಡಿಕೊಳ್ಳಿ. ಅರಣ್ಯ ಸಹಾಯವಾಣಿಯ 1926 ಎಂಬ ನಾಲ್ಕಂಕಿಯನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಕಾಡು ಶುರುವಾದಲ್ಲಿ 80 ಇರುವ ವೇಗವನ್ನು 40ಕ್ಕೆ ಇಳಿಸಿ. 50 ಮೀಟರಿನಲ್ಲಿ ಜಿಂಕೆ ಕಂಡರೆ 40ರ ಕಾರು 26 ಮೀಟರಿಗೇ ನಿಲ್ಲುತ್ತದೆ. ಹತ್ತು ಕಿಲೋಮೀಟರ್ ಕಾಡು ದಾಟಲು ಇದರಿಂದ ಹೆಚ್ಚಾಗುವ ಸಮಯ ಏಳೂವರೆ ನಿಮಿಷ. ದಯವಿಟ್ಟು ಆ ಏಳೂವರೆ ನಿಮಿಷ ಕೊಡಿ.